ಮನೆ ಕಟ್ಟಿ ನೋಡು, ಲಾನ್ ಹಾಸಿ ನೋಡು

ಹುಲ್ಲು ತಾನಾಗಿಯೇ ಬೆಳೆಯುತ್ತದೆ ಎಂದು ಇನ್ನೂ ನಂಬಿರುವವರು ಪುಣ್ಯವಂತರು. ಅವರ ಮನೆಯ ಮುಂದೆ ಲಾನ್ ಇಲ್ಲವೆಂದು ಕಣ್ಣು ಮುಚ್ಚಿಕೊಂಡು ಹೇಳಬಹುದು. ಹುಲ್ಲು ಬೆಳೆಯದ ಜಾಗ ಯಾವುದಿದೆ ಹೇಳಿ. ಚರಂಡಿ ಚಪ್ಪಡಿಯ ಸಂದು, ಹಳೆಯ ಗುಡಿಯ ಗೋಪುರದ ನೆತ್ತಿ, ತಾರಸಿಯ ಬಿರುಕು, ಕೇಸು ಮುಗಿಯದೆ ಪೊಲೀಸ್ ಠಾಣೆಯ ಮುಂದೆ ನಿಂತ ಲಾರಿಯ ತೊಟ್ಟಿ, ಎಲ್ಲ ಕಡೆಯೂ ಅದು ಕರೆಯದೆ ಬಂದು ಕೂರುತ್ತದೆ. ನೆಟ್ಟವರಿಲ್ಲ, ನೀರೆರೆದವರಿಲ್ಲ. ಅದೇ ಹುಲ್ಲನ್ನು ಚದರಡಿಗೆ ಇಷ್ಟು ಎಂದು ದುಡ್ಡು ಎಣಿಸಿ ಮನೆಗೆ ಕರೆತಂದು ನೋಡಿ. ಬಂದ ಗಳಿಗೆಯಿಂದಲೇ ಅದಕ್ಕೆ ಬಿಸಿಲು ಹೆಚ್ಚು, ನೆರಳು ಹೆಚ್ಚು, ನೀರು ಕಡಿಮೆ, ನೀರು ಜಾಸ್ತಿ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ ಎಂದು ಗಾದೆ ಕೇಳುತ್ತದೆ. ಮೇಯಿಸುವುದಿಲ್ಲ ಸ್ವಾಮಿ, ಸಾಕಲು ಹಚ್ಚುತ್ತಾನೆ. ಮೇಯುವುದೇ ಎಷ್ಟೋ ಸುಲಭ.

ನನಗೆ ಈ ಖಾಯಿಲೆ ಅಂಟಿದ್ದು ಲಾಲ್‌ಬಾಗಿನಲ್ಲಿ. ನಿವೃತ್ತಿಯಾದ ಬೆಂಗಳೂರಿಗನಿಗೆ ಬೆಳಿಗ್ಗೆ ಹೋಗಲು ಇರುವುದೇ ಎರಡು ಜಾಗ: ಬ್ಯಾಂಕಿನ ಪಾಸ್‌ಬುಕ್ ಯಂತ್ರದ ಮುಂದಿನ ಸಾಲು, ಇಲ್ಲವೇ ಲಾಲ್‌ಬಾಗು. ನಾನು ನಿವೃತ್ತನಾದದ್ದೇ ಬ್ಯಾಂಕಿನಿಂದ, ಹಾಗಾಗಿ ಲಾಲ್‌ಬಾಗನ್ನು ಆರಿಸಿಕೊಂಡೆ. 1889ರಲ್ಲಿ ಅಡಿಗಲ್ಲು ಕಂಡ ಗಾಜಿನ ಮನೆಗೆ ಜನವರಿಯ ಫಲಪುಷ್ಪ ಪ್ರದರ್ಶನ ನೋಡಲು ಬಂದವರೆಲ್ಲ ಹೂವನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ, ನನ್ನ ಕಣ್ಣು ಹೊರಗಿನ ಹುಲ್ಲಿನಲ್ಲಿ ನೆಟ್ಟಿದ್ದ ಫಲಕದ ಮೇಲಿತ್ತು. 'ಹುಲ್ಲಿನ ಮೇಲೆ ನಡೆಯಬೇಡಿ.' ಸರ್ವೀಸಿನುದ್ದಕ್ಕೂ ಬೇರೆಯವರು ಹಾಕಿದ ಫಲಕಗಳನ್ನೇ ಪಾಲಿಸಿಕೊಂಡು ಬಂದವನಿಗೆ, ತನ್ನದೂ ಒಂದು ಫಲಕ ಇರಲಿ ಅನ್ನಿಸುವುದು ಅಪರಾಧವೇ? ಮಾರನೆಯ ದಿನವೇ ಪೇಂಟರ್ ಕೈಯಲ್ಲಿ ಬರೆಸಿ ತಂದು ಗೇಟಿನ ಪಕ್ಕ ನೆಟ್ಟೆ. ಹುಲ್ಲು ಇನ್ನೂ ಬಂದಿರಲಿಲ್ಲ. ಬೀದಿಯಲ್ಲಿ ಹೋಗುವವರು ನಿಂತು ಫಲಕ ಓದಿ, ಬೋಳು ಕೆಮ್ಮಣ್ಣು ನೋಡಿ, ಇನ್ನೊಮ್ಮೆ ಫಲಕ ಓದಿ, ಕೊನೆಗೆ ನನ್ನ ಮುಖ ನೋಡಿ ಮುಂದೆ ಹೋಗುತ್ತಿದ್ದರು. ಪಕ್ಕದ ಮನೆಯ ಪುಟ್ಟ ಹುಡುಗನೊಬ್ಬ ಮಾತ್ರ ವಿಧೇಯನಾಗಿ ಮಣ್ಣನ್ನು ಬಳಸಿಕೊಂಡು ನಡೆದ.

ನರ್ಸರಿಯವರು ಒಳ್ಳೆಯವರು. ಹುಲ್ಲು ತೋರಿಸುವ ಮೊದಲೇ ಕೇಳಿದರು: "ಸಾರ್, ಜಾಗಕ್ಕೆ ಬಿಸಿಲು ಎಷ್ಟು ಹೊತ್ತು ಬೀಳತ್ತೆ?"

"ಬೇಕಾದಷ್ಟು," ಅಂದೆ. ಆಗ ನನ್ನ ತಲೆಯಲ್ಲಿದ್ದದ್ದು ಹಪ್ಪಳ ಒಣಗಿಸುವ ತಾರಸಿ. ಲಾನ್ ಬರಬೇಕಾಗಿದ್ದ 12 ಅಡಿಗೆ 10 ಅಡಿ ಜಾಗಕ್ಕೆ ಒಂದು ಮಗ್ಗುಲಲ್ಲಿ ಹೊಂಗೆ ಮರ, ಇನ್ನೊಂದು ಮಗ್ಗುಲಲ್ಲಿ ಎದುರು ಮನೆಯ ಮೂರನೇ ಮಹಡಿ. ಸೂರ್ಯ ಅಲ್ಲಿಗೆ ಬಂದು ಹಾಜರಿ ಹಾಕಿ ಹೋಗುತ್ತಾನೆ, ಅಷ್ಟೆ. ನರ್ಸರಿಯಲ್ಲಿ ನೆರಳು ತಡೆಯುವ ಅಗಲ ಎಲೆಯ ಹುಲ್ಲಿತ್ತು, ತುಳಿದಾಟ ತಡೆಯುವ ಬರ್ಮುಡಾ ಇತ್ತು. ಎರಡನ್ನೂ ಬಿಟ್ಟು ನಾನು ಬೆರಳು ತೋರಿಸಿದ್ದು ಮೆಕ್ಸಿಕನ್ ಗ್ರಾಸಿನ ಕಡೆಗೆ. ನವುರಾದ ಸಣ್ಣೆಲೆ, ಒತ್ತೊತ್ತಾದ ಹಸಿರು, ಕೈಯಿಟ್ಟರೆ ತೆಗೆಯಲು ಮನಸ್ಸೇ ಬಾರದು. ಅದಕ್ಕೆ ಚೆನ್ನಾಗಿ ಬಿಸಿಲು ಬೇಕು, ಬೆಳೆಯುವುದು ನಿಧಾನ, ಗಾಯವಾದರೆ ಮಾಯುವುದು ಇನ್ನೂ ನಿಧಾನ ಎಂದು ಅವರು ವಿವರಿಸಿದರು. ನಿಧಾನವೇ ಪ್ರಧಾನ ಎಂದು ನಾನು ಅವರಿಗೇ ಬುದ್ಧಿ ಹೇಳಿ ಅಡ್ವಾನ್ಸ್ ಕೊಟ್ಟೆ.

2024ರ ಫೆಬ್ರುವರಿಯ ಕೊನೆಯಲ್ಲಿ ಲಾನ್ ಶೀಟುಗಳು ಗೂಡ್ಸ್ ಆಟೋದಲ್ಲಿ ಬಂದಿಳಿದವು. "ಇವತ್ತೇ ಹಾಸಿಬಿಡಿ ಸಾರ್, ಪೇರಿಸಿ ಇಡಬೇಡಿ," ಎಂದು ಡ್ರೈವರ್ ಹೇಳಿದ. ನಾನು ಗೋಡೆಯ ಪಂಚಾಂಗದ ಕ್ಯಾಲೆಂಡರ್ ನೋಡಿದೆ. ರಾಹುಕಾಲ. ಅದು ಕಳೆಯುವ ಹೊತ್ತಿಗೆ ಊಟದ ಸಮಯ, ಊಟವಾದ ಮೇಲೆ ಕಣ್ಣಿಗೆ ಜೋಂಪು, ಎದ್ದಾಗ ಸಂಜೆ. ಸಂಜೆ ಹೊತ್ತು ಹಸಿರನ್ನು ಮುಟ್ಟಬಾರದು ಎಂಬ ಶಾಸ್ತ್ರ ಸರಿಯಾಗಿ ನೆನಪಾಯಿತು. ಮರುದಿನ ಬೆಳಿಗ್ಗೆ ರಾಶಿಯೊಳಗೆ ಕೈ ಹಾಕಿದರೆ ಇಡ್ಲಿ ಬೇಯಿಸುವಷ್ಟು ಬಿಸಿ! ಕಿತ್ತ ಹುಲ್ಲೂ ಉಸಿರಾಡುತ್ತದೆ, ಪೇರಿಸಿಟ್ಟರೆ ಆ ಉಸಿರಿನ ಕಾವು ಹೊರಹೋಗದೆ ಒಳಗೇ ಕೂಡಿಕೊಂಡು ನಡುವಿನ ಶೀಟುಗಳು ಬೆಂದು ಹಳದಿಯಾಗುತ್ತವೆ. ನಮ್ಮ ಮನೆಯಲ್ಲಿ ಲಾನ್ ಹಾಸುವುದಕ್ಕೂ ಮೊದಲೇ ಕೊಳೆಗೊಬ್ಬರ ತಯಾರಾಗಿತ್ತು. ಅಮ್ಮ ಬಾಗಿಲಲ್ಲಿ ನಿಂತು ನೋಡಿದರು. "ದುಡ್ಡು ಕೊಟ್ಟು ಹುಲ್ಲು ತಂದಿದ್ದೀಯ ಸರಿ ಕಣೋ, ಹಸು ಯಾವಾಗ ಬರತ್ತೆ?"

ಇದ್ದುದರಲ್ಲಿ ಹಸಿರಾಗಿದ್ದವನ್ನು ಆರಿಸಿ ನಾನೇ ಹಾಸಲು ಶುರು ಮಾಡಿದೆ. ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ಮಟ್ಟ ಮಾಡಬೇಕು, ಅಂಚಿಗೆ ಅಂಚು ಕೂಡಿಸಬೇಕು, ಸಂದಿಗೆ ಮಣ್ಣು ತುಂಬಬೇಕು, ಅದುಮಬೇಕು. ಬೇರು ಕಚ್ಚುವವರೆಗೆ ಯಾರೂ ಅದರ ಮೇಲೆ ಕಾಲಿಡಬಾರದು. ಇಷ್ಟೂ ಗೊತ್ತಿತ್ತು. ಗೇಟಿನ ಕಡೆಯಿಂದ ಆರಂಭಿಸಿ, ಸಾಲು ಸಾಲಾಗಿ, ಒಂದು ಶೀಟೂ ಕದಲದ ಹಾಗೆ ಹಿಂದಕ್ಕೆ ಸರಿಯುತ್ತ ಹಾಸಿದೆ. ಕೊನೆಯ ಶೀಟನ್ನು ಕೂರಿಸಿ, ಕೈ ಕೊಡವಿಕೊಂಡು ತಲೆಯೆತ್ತಿದರೆ ನಾನಿದ್ದದ್ದು ಕಾಂಪೌಂಡ್ ಗೋಡೆಯ ಮೂಲೆಯಲ್ಲಿ. ನನಗೂ ಮನೆಗೂ ನಡುವೆ ಕಾಲಿಡಬಾರದ ಹುಲ್ಲು. ಎದುರಿಗೆ ನಾನೇ ನೆಟ್ಟ ಫಲಕ.

ನೀವಾಗಿದ್ದರೆ ಏನು ಮಾಡುತ್ತಿದ್ದಿರೋ ಗೊತ್ತಿಲ್ಲ. ನಾನು ಬಹಳ ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ಮಗಳು ಕಿಟಕಿಯಿಂದ ನೀರಿನ ಬಾಟಲಿ ಎಸೆದಳು, ಹೆಂಡತಿ ಕಾಫಿ ಬೇಕೇ ಎಂದು ವಿಚಾರಿಸಿ, ಎಸೆಯಲಾಗದು ಎಂದು ತಾನೇ ಕುಡಿದಳು. ಕೊನೆಗೆ ಗೋಡೆ ಹತ್ತಿ ಬೀದಿಗೆ ಧುಮುಕಿದೆ. ಮೈಮೇಲಿದ್ದದ್ದು ಕೆಸರು ಮೆತ್ತಿದ ಬನಿಯನ್ನು ಮತ್ತು ಪಟ್ಟಾಪಟ್ಟಿ ಚಡ್ಡಿ. ಅದೇ ಗಳಿಗೆಗೆ ಬಡಾವಣೆಯ ಹಿರಿಯ ನಾಗರಿಕರ ವಾಕಿಂಗ್ ತಂಡ ತಿರುವಿನಲ್ಲಿ ಪ್ರತ್ಯಕ್ಷವಾಗಬೇಕೆ? ಸ್ವಂತ ಮನೆಯ ಕಾಂಪೌಂಡ್ ಹಾರಿ ಓಡಿಹೋಗುತ್ತಿರುವ ಗೃಹಸ್ಥನಿಗೆ ಅವರು ಬಹಳ ಮರ್ಯಾದೆಯಿಂದ ದಾರಿ ಬಿಟ್ಟರು. ಒಬ್ಬರಂತೂ "ಎಲ್ಲ ಸರಿಹೋಗತ್ತೆ ಸಾರ್," ಎಂದು ಬೆನ್ನು ತಟ್ಟಿದರು.

ಹೊಸ ಲಾನಿಗೆ ಮೊದಲ ವಾರಗಳಲ್ಲಿ ನೀರು ತಪ್ಪುವ ಹಾಗಿಲ್ಲ. ಬೇರು ಇರುವುದು ಬೆರಳಿನಷ್ಟು ಮಣ್ಣಿನಲ್ಲಿ, ಅದು ಒಣಗಿದರೆ ಕತೆ ಮುಗಿಯಿತು. ನಾನು ಪೈಪು ಹಿಡಿದು ಬೆಳಿಗ್ಗೆ ಸಂಜೆ ರಾಜಠೀವಿಯಲ್ಲಿ ನಿಲ್ಲಲು ಅಭ್ಯಾಸ ಮಾಡಿಕೊಳ್ಳುವಷ್ಟರಲ್ಲಿ ಮಾರ್ಚ್ ಬಂತು. ಆ ಮಾರ್ಚ್ ಬೆಂಗಳೂರಿನವರಿಗೆ ಮರೆಯುವ ತಿಂಗಳಲ್ಲ. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರುಗಳಿಗೆ ಜನ ಕಾದು ನಿಂತಿದ್ದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆಯುವುದು, ಕೈತೋಟಕ್ಕೆ ಬಿಡುವುದು ನಿಷಿದ್ಧ, ಮೀರಿದರೆ 5,000 ರೂಪಾಯಿ ದಂಡ, ಮತ್ತೆ ಮೀರಿದರೆ ದಿನಕ್ಕೆ 500 ರೂಪಾಯಿ ಹೆಚ್ಚುವರಿ ಎಂದು ಜಲಮಂಡಳಿ ಆದೇಶ ಹೊರಡಿಸಿತು. ನ್ಯಾಯವಾದ ಆದೇಶ. ಊರಿಗೆ ಊರೇ ಬಿಂದಿಗೆ ಹಿಡಿದು ನಿಂತಾಗ ಹುಲ್ಲಿಗೆ ಅಭಿಷೇಕ ಮಾಡುವವನನ್ನು ದಂಡಕ್ಕಲ್ಲ, ಶೂಲಕ್ಕೇ ಏರಿಸಬಹುದು. ಆದರೆ ಇಡೀ ಕರ್ನಾಟಕದಲ್ಲಿ ಅದೇ ಮುಹೂರ್ತ ನೋಡಿ ಲಾನ್ ಹಾಸಿದ ಭೂಪ ನಾನೊಬ್ಬನೇ ಇರಬೇಕು. ರಾಹುಕಾಲ ತಪ್ಪಿಸಿದ್ದು ಸಾರ್ಥಕವಾಯಿತು.

ಪೈಪು ಸುತ್ತಿಟ್ಟು ಬಕೆಟ್ಟು ಹಿಡಿದೆ. ಮನೆಯಲ್ಲಿ ಯಾರು ಏನು ತೊಳೆದರೂ ಆ ನೀರು ಇನ್ನು ನನ್ನದು ಎಂದು ಘೋಷಿಸಿದೆ. ಅಕ್ಕಿ ತೊಳೆದ ನೀರು ಹುಲ್ಲಿಗೆ ಹೋಯಿತು, ಬೀದಿಯ ಇರುವೆಗಳೆಲ್ಲ ಬಂದು ವಠಾರ ಹೂಡಿದವು. ಬೇಳೆ ತೊಳೆದ ನೀರು ಹೋಯಿತು, ಮೂರನೇ ದಿನಕ್ಕೆ ಗೇಟಿನ ಬಳಿ ಹುಳಿ ನಾತ. ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ಒಂದು ಹನಿ ಬಿಡದೆ ಹಿಡಿದೆ. ಆ ಯಂತ್ರ ನಮಗೆ ಕೊಡುವ ನೀರಿನಿಂದ ಲವಣವನ್ನೆಲ್ಲ ಬೇರ್ಪಡಿಸಿ ಈ ಕಡೆ ತಳ್ಳಿರುತ್ತದೆ ಎಂಬುದನ್ನು ಹುಲ್ಲೇ ನನಗೆ ತಿಳಿಸಿತು, ಎಲೆತುದಿಗಳನ್ನು ಸುಟ್ಟುಕೊಂಡು, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿಕೊಂಡು. ಹೆಂಡತಿ ಆ ಬಿಳುಪು ನೋಡಿ ರಂಗೋಲಿ ಹಾಕುವ ಶ್ರಮ ಉಳಿಯಿತು ಎಂದಳು.

ಆಗ ಹೊಳೆದದ್ದು ಸ್ನಾನ. ಬಚ್ಚಲಿನಲ್ಲಿ ಮಾಡಿದರೆ ನೀರು ಚರಂಡಿಗೆ, ಅದನ್ನೇ ಲಾನಿನ ಮೇಲೆ ಮಾಡಿದರೆ? ಸೋಪು ಹುಲ್ಲಿಗೆ ಒಳ್ಳೆಯದಲ್ಲವೆಂದು ಸೀಗೆಪುಡಿ, ಕಡಲೆಹಿಟ್ಟು ಹೊಂದಿಸಿಕೊಂಡೆ. ಕಾಲಿನ ಭಾರ ಹಂಚಿಹೋಗಲೆಂದು ಅಡಿಗೆ ಒಂದು ಹಲಗೆ. ಬೆಳಗಿನ ಜಾವ, ಬೀದಿದೀಪ ಆರದ ಹೊತ್ತು, ಒಂದು ತುಂಡು ಪಂಚೆ ಸುತ್ತಿಕೊಂಡು, ಈ ಮೂಲೆಗೆ ಒಂದು ಚೊಂಬು, ಆ ಮೂಲೆಗೆ ಒಂದು ಚೊಂಬು ಎಂದು ದಿಕ್ಕು ದಿಕ್ಕಿಗೆ ತಿರುಗುತ್ತ ಸ್ನಾನ ಮಾಡಿದೆ. ಚಳಿಗೆ ಹಲ್ಲು ಕಟಕಟಿಸದಿರಲೆಂದು ಬಾಯಲ್ಲಿ ವಿಷ್ಣು ಸಹಸ್ರನಾಮ. ಹಾಲಿನವನು ಸೈಕಲ್ ನಿಲ್ಲಿಸಿ ಚಪ್ಪಲಿ ಬಿಟ್ಟು ಕೈ ಮುಗಿದ. ಎದುರು ಮನೆಯ ಅಜ್ಜಿ ಮಹಡಿಯಿಂದ ಅಕ್ಷತೆ ಹಾಕಿದರು. ಮಾರನೆಯ ದಿನ ಗೇಟಿನ ಹತ್ತಿರ ಇಬ್ಬರು ಕಾದಿದ್ದರು. "ಯಾವ ದೇವರ ಹರಕೆ ಸಾರ್? ನಮಗೂ ಮಗನ ಕೆಲಸದ್ದು ಸ್ವಲ್ಪ ತೊಂದರೆ ಇದೆ." ಏನು ಹೇಳಲಿ? ಮಳೆಗಾಗಿ ಎಂದುಬಿಟ್ಟೆ. ಮಳೆ ಬರಲಿಲ್ಲ. ಬಡಾವಣೆಯಲ್ಲಿ ನನ್ನ ಹುಲ್ಲಿನ ಜೊತೆಗೆ ಹೆಸರೂ ಬಾಡಿತು.

ಏಪ್ರಿಲ್ 9ಕ್ಕೆ ಯುಗಾದಿ. ನೆಂಟರಿಷ್ಟರೆಲ್ಲ ಬರುತ್ತಾರೆ, ಬಂದವರು ಹುಲ್ಲು ತುಳಿಯದಿರಲಿ ಎಂದು ಗೇಟಿನಿಂದ ಬಾಗಿಲವರೆಗೆ ಇಟ್ಟಿಗೆ ಜೋಡಿಸಿ ದಾರಿ ಮಾಡಿದೆ. ಒಬ್ಬೊಬ್ಬರನ್ನೂ ಗೇಟಿನಲ್ಲೇ ತಡೆದು, ಎಡಗಾಲು ಇಲ್ಲಿ, ಬಲಗಾಲು ಅಲ್ಲಿ ಎಂದು ನಿರ್ದೇಶಿಸಿದೆ. ಎಂಬತ್ತು ದಾಟಿದ ಸೋದರಮಾವನಿಂದ ಹಿಡಿದು ಈಗಷ್ಟೇ ನಡೆಯಲು ಕಲಿತ ಮಗುವಿನವರೆಗೆ ಎಲ್ಲರೂ ಇಟ್ಟಿಗೆಯ ಮೇಲೆ ಕುಪ್ಪಳಿಸುತ್ತ ಕ್ಷೇಮವಾಗಿ ಒಳಗೆ ಸೇರಿದರು. ಹೊರಗೆ ಉಳಿದವನು ನಾನೊಬ್ಬನೆ. ಎದುರು ಮನೆಗೆ ಕೊಡಲೆಂದು ಒಬ್ಬಟ್ಟಿನ ತಟ್ಟೆ ಒಂದು ಕೈಯಲ್ಲಿ, ತುಪ್ಪದ ಗಿಂಡಿ ಇನ್ನೊಂದರಲ್ಲಿ. ನಾನೇ ಜೋಡಿಸಿದ ಇಟ್ಟಿಗೆ ನನ್ನನ್ನೇ ಗುರುತಿಸದೆ ಜಾರಿತು. ಒಬ್ಬಟ್ಟು ಹಾರಿತು, ತುಪ್ಪ ಹರಿಯಿತು, ನಾನು ಮುಖ ಅಡಿಯಾಗಿ ಲಾನಿನ ನಟ್ಟನಡುವೆ ಅಡ್ಡಬಿದ್ದೆ. ಮಣ್ಣು ಅಕ್ಕಿನೀರು ಕುಡಿದು ಮೆತ್ತಗಿತ್ತು. ಎತ್ತಿ ನಿಲ್ಲಿಸಿದ ಮೇಲೆ ನೋಡಿದರೆ ಹೊಟ್ಟೆ, ಮೊಣಕಾಲು, ಕನ್ನಡಕ, ಪ್ರತಿಯೊಂದರ ಅಚ್ಚೂ ಅಲ್ಲಿ ಸ್ಪಷ್ಟವಾಗಿ ಮೂಡಿತ್ತು. ನಿಧಾನವಾಗಿ ಮಾಯುವ ಹುಲ್ಲು ಎಂದು ನರ್ಸರಿಯವರು ಎಚ್ಚರಿಸಿದ್ದರಲ್ಲ, ತಿಂಗಳುಗಟ್ಟಲೆ ಬಂದವರಿಗೆಲ್ಲ ನನ್ನ ಹೊಟ್ಟೆಯ ಸುತ್ತಳತೆ ಸಾರ್ವಜನಿಕ ದಾಖಲೆಯಾಗಿ ಉಳಿಯಿತು.

ಆ ಹಳ್ಳವನ್ನು ಬೇಗ ತುಂಬಿಸುವ ಆತುರಕ್ಕೆ ಯೂರಿಯಾ ತಂದೆ. ಶೇಕಡಾ 46 ಸಾರಜನಕವಿರುವ ಗೊಬ್ಬರ ಅದು. ಚಿಟಿಕೆ ಲೆಕ್ಕದಲ್ಲಿ, ಸಮನಾಗಿ ಹರಡಿ, ಕೂಡಲೇ ಧಾರಾಳವಾಗಿ ನೀರು ಬಿಡಬೇಕು. ನೀರು ಎಲ್ಲಿಂದ ತರಲಿ? ನಾನು ಮದುವೆ ಮನೆಯ ಅಕ್ಷತೆಯಂತೆ ಮುಷ್ಟಿ ಮುಷ್ಟಿ ತೂರಿ, ಮೇಲೆ ಅರ್ಧ ಬಕೆಟ್ ಚಿಮುಕಿಸಿ, ಒಳಗೆ ಹೋಗಿ ಮಲಗಿದೆ. ಲವಣದ ಸಾಂದ್ರತೆ ಬೇರಿನ ಹೊರಗೆ ಹೆಚ್ಚಾದರೆ ಬೇರಿನೊಳಗಿನ ನೀರೂ ಹೊರಗೆ ಎಳೆಯಲ್ಪಡುತ್ತದೆ ಎಂದು ಹೈಸ್ಕೂಲಿನಲ್ಲೇ ಕಲಿಸಿದ್ದರು. ಆ ಪ್ರಶ್ನೆಗೆ ನನಗೆ ಪೂರ್ತಿ ಅಂಕವೂ ಬಂದಿತ್ತು. ಕೆಲವೇ ದಿನಗಳಲ್ಲಿ ಮುಷ್ಟಿ ಬಿದ್ದಲ್ಲೆಲ್ಲ ಕಂದು ವೃತ್ತಗಳು ಎದ್ದವು. ಬೀದಿಯಲ್ಲಿ ಅಲೆಯುವ ಹಸುವೊಂದು ಗೇಟು ತೆರೆದಿದ್ದಾಗ ಒಳಗೆ ಬಂತು. ಬರಲಿ, ಅಮ್ಮನ ಪ್ರಶ್ನೆಗಾದರೂ ಉತ್ತರ ಸಿಗಲಿ ಎಂದು ಸುಮ್ಮನಿದ್ದೆ. ಅದು ಹುಲ್ಲನ್ನು ಮೂಸಿತು, ನನ್ನನ್ನು ನೋಡಿತು, ಪಕ್ಕದ ಕಸದ ಡಬ್ಬಿಯಿಂದ ರಟ್ಟಿನ ಡಬ್ಬವೊಂದನ್ನು ಎಳೆದುಕೊಂಡು ತಿನ್ನುತ್ತ ಹೊರಟುಹೋಯಿತು.

ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಆ ಬಿಸಿಲಿಗೆ ಉಳಿದಿದ್ದ ಹಸಿರೂ ಕೈಮುಗಿಯಿತು. ನನ್ನ ಮಾನ ಉಳಿಸಿದ್ದು ಹೊಂಗೆ ಮರ. ಅದು ಹೂವು ಉದುರಿಸಿ ಉದುರಿಸಿ ಸುಟ್ಟ ಕಲೆ, ಹೊಟ್ಟೆಯ ಹಳ್ಳ, ಬಿಳಿ ಪೊರೆ ಎಲ್ಲವನ್ನೂ ಮುಚ್ಚಿಬಿಟ್ಟಿತು. ಹಳೆಯ ಸಹೋದ್ಯೋಗಿಯೊಬ್ಬರು ಬಂದವರು ಅದನ್ನು ನೋಡಿ ಮೂಕವಿಸ್ಮಿತರಾಗಿ, "ಎಂಥ ಚೆಂದ ಇಟ್ಟುಕೊಂಡಿದ್ದೀರಿ!" ಎಂದು ಕೈಕುಲುಕಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಅಷ್ಟಕ್ಕೇ ನಿಲ್ಲಬೇಕಿತ್ತು. ಲಾನ್ ಇನ್ನೂ ಚೆನ್ನಾಗಿ ಕಾಣಲಿ ಎಂದು ಅವರ ಎದುರೇ ಪೊರಕೆ ತಂದು ಹೂವನ್ನೆಲ್ಲ ಗುಡಿಸಿದೆ.

ಕೊನೆಗೂ ಮಳೆ ಬಂತು. ಮೇ 18ರ ರಾತ್ರಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ, ಚೆನ್ನೈ ತಂಡಗಳ ಪಂದ್ಯಕ್ಕೆ ಮಳೆ ಅಡ್ಡ ಬಂದಾಗ, ಅಲ್ಲಿನ ಮೈದಾನ ಬೇಗ ಒಣಗಿ ಆಟ ಮುಂದುವರಿದು, ನಮ್ಮವರು ಗೆದ್ದು ಪ್ಲೇಆಫ್ ಸೇರಿದ್ದು ನಿಮಗೆ ನೆನಪಿರಬಹುದು. ಆ ಹುಲ್ಲಿನ ಕೆಳಗೆ 2017ರಿಂದ ಸಬ್‌ಏರ್ ಎಂಬ ವ್ಯವಸ್ಥೆಯಿದೆ. ಕೊಳವೆಗಳ ಮೂಲಕ ನೆಲದೊಳಗಿಂದಲೇ ನೀರನ್ನು ಹೀರಿ ಹೊರಗೆ ಹಾಕುತ್ತದೆ. ನನ್ನ ಹುಲ್ಲಿನ ಕೆಳಗಿದ್ದದ್ದು ಮನೆ ಕಟ್ಟುವಾಗ ಉಳಿದ ಸಿಮೆಂಟಿನ ಗಟ್ಟಿ ಪದರ. ಜೂನ್ 2ರಂದು ಒಂದೇ ದಿನ 111.1 ಮಿಲಿಮೀಟರ್ ಸುರಿದು ಶತಮಾನ ದಾಟಿದ ಜೂನ್ ದಾಖಲೆ ಮುರಿದಾಗ, ಇನ್ನೂ ಬೇರು ಬಿಡದಿದ್ದ ಶೀಟುಗಳು ಎದ್ದು ತೇಲಿದವು. ಮಳೆಗಾಗಿ ಹರಕೆ ಹೊತ್ತವನು ಕೊಡೆ ಹಿಡಿದು, ಬಚ್ಚಲಿನ ವೈಪರ್‌ನಿಂದ ನೀರು ತಳ್ಳಿ, ಟರ್ಕಿ ಟವೆಲ್ ಅದ್ದಿ ಹಿಂಡಿ, ತೇಲಿದ ಶೀಟುಗಳನ್ನು ಅಟ್ಟಿಸಿಕೊಂಡು ಹೋಗಿ ಹಿಡಿದ. ಒಂದು ಶೀಟು ಗೇಟಿನಡಿ ನುಸುಳಿ ಬೀದಿಗಿಳಿದು, ನಾಲ್ಕು ಮನೆ ಆಚೆ ಒಂದು ಕಾರಿನ ಚಕ್ರಕ್ಕೆ ತಗುಲಿ ನಿಂತಿತು. ಮಾಲೀಕರ ಮನೆ ಗಂಟೆ ಬಾರಿಸಿ, "ಕ್ಷಮಿಸಿ, ನಮ್ಮ ಲಾನ್ ನಿಮ್ಮ ಮನೆಗೆ ಬಂದಿದೆ," ಎನ್ನುವಾಗ ನನ್ನ ಧ್ವನಿಯಲ್ಲಿ ಓಡಿಹೋದ ಮಗನ ತಂದೆಯ ಸಂಕಟವಿತ್ತಂತೆ. ಹೆಂಡತಿ ಹೇಳಿದ್ದು.

ಜುಲೈನಲ್ಲಿ ಟಿವಿಯಲ್ಲಿ ವಿಂಬಲ್ಡನ್. ಅಲ್ಲಿ 2001ರಿಂದ ಪೂರ್ತಿ ರೈ ಹುಲ್ಲು, ಅದನ್ನು 8 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುತ್ತಾರೆ ಎಂದು ಓದಿದ್ದೆ. ಮಳೆಗೆ ನನ್ನ ಲಾನೂ ಅಲ್ಲಲ್ಲಿ ಚಿಗುರಿತ್ತು, ಸ್ನೇಹಿತರೊಬ್ಬರ ಮನೆಯಿಂದ ಕರೆಂಟಿನ ಕತ್ತರಿಸುವ ಯಂತ್ರ ಎರವಲು ತಂದೆ. ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತ 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಬಟ್ಟೆ ಗಿರಣಿಯಲ್ಲಿ ಉಣ್ಣೆಯ ಜುಂಗು ಕತ್ತರಿಸುವ ಯಂತ್ರ ನೋಡಿ ಅವನಿಗೆ ಅದು ಹೊಳೆಯಿತಂತೆ. ಜನ ನಗಬಾರದೆಂದು ರಾತ್ರಿ ಹೊತ್ತು ಕದ್ದು ಪರೀಕ್ಷೆ ಮಾಡುತ್ತಿದ್ದ ಎಂಬ ಕತೆಯೂ ಇದೆ. ಜಾಣ. ನಾನು ಭಾನುವಾರ ಹಗಲು ಹತ್ತು ಗಂಟೆಗೆ, ವಾಕಿಂಗ್ ತಂಡ ಗೇಟಿನ ಮುಂದೆ ನಿಂತಿದ್ದಾಗ ಮಾಡಿದೆ. ಹುಲ್ಲಿನ ಎತ್ತರದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಒಮ್ಮೆಗೇ ತೆಗೆಯಬಾರದು ಎಂಬುದು ಬಲ್ಲವರ ನಿಯಮ. ನಾನು ನೇರವಾಗಿ 8 ಮಿಲಿಮೀಟರಿಗೆ ಇಳಿಸಿದೆ. ಹಸಿರೆಲ್ಲ ಮೇಲಿತ್ತು, ಕೆಳಗೆ ಬರೀ ಕಂದು ಕಡ್ಡಿ. ತಲೆ ಬೋಳಿಸಿದ ಮೇಲೆ ಗಾಬರಿಯಿಂದ ತಿರುಗಿದವನು ಯಂತ್ರವನ್ನು ಅದರದೇ ವೈರಿನ ಮೇಲೆ ಓಡಿಸಿದೆ. ಫಟ್ ಎಂದಿತು. ಮನೆಯೊಳಗೆ ಮಿಕ್ಸಿ ನಿಂತಿತು, ಅಮ್ಮನ ಧಾರಾವಾಹಿಯ ಮರುಪ್ರಸಾರ ನಿಂತಿತು, ನನ್ನ ಎದೆಬಡಿತವೂ ಒಂದು ಗಳಿಗೆ ನಿಂತಿತು. ಗೇಟಿನಾಚೆಯಿಂದ ಮತ್ತದೇ ಮೃದು ಧ್ವನಿ: "ಎಲ್ಲ ಸರಿಹೋಗತ್ತೆ ಸಾರ್."

ಸರಿಹೋಗಲು ಸಮಯವಿರಲಿಲ್ಲ. ಆಗಸ್ಟ್ 16ಕ್ಕೆ ವರಮಹಾಲಕ್ಷ್ಮಿ ವ್ರತ, ಸಂಜೆ ಅರಿಶಿನ ಕುಂಕುಮಕ್ಕೆ ಬೀದಿಯ ಮುತ್ತೈದೆಯರೆಲ್ಲ ಬರುವವರು. ಬೋಳು ನೆಲವನ್ನು ಅವರಿಗೆ ತೋರಿಸುವುದೇ? ಹಸಿರು ರಂಗೋಲಿ ಪುಡಿ ಕೇಜಿಗಟ್ಟಲೆ ತಂದು, ಮಧ್ಯಾಹ್ನ ಎಲ್ಲರೂ ಕಲಶದ ಅಲಂಕಾರದಲ್ಲಿ ಮುಳುಗಿದ್ದಾಗ, ಹಿಟ್ಟಿನ ಜರಡಿಯಲ್ಲಿ ಲಾನಿನ ತುಂಬ ಉದುರಿಸಿದೆ. ನನ್ನಾಣೆ, ಲಾಲ್‌ಬಾಗೂ ನಾಚಬೇಕು. ಸಂಜೆ ಸಣ್ಣಗೆ ಸೋನೆ ಹನಿಯಿತು. ಇಟ್ಟಿಗೆ ದಾರಿಯ ಮೇಲೆ ಹಸಿರು ನೀರು ಹರಿಯಿತು. ಚಪ್ಪಲಿಯನ್ನು ಗೇಟಿನಲ್ಲೇ ಬಿಟ್ಟು ಬಂದ ಪುಣ್ಯಾತ್ಗಿತ್ತಿಯರ ಬರಿಗಾಲು ಅದರ ಮೇಲೆ ನಡೆದು ಒಳಗೆ ಬಂದವು. ಹೆಂಡತಿ ಬೆಳಗಿನಿಂದ ಬಾಗಿದ ಸೊಂಟ ಎತ್ತದೆ, ಹೊಸ್ತಿಲಿನಿಂದ ದೇವರ ಮನೆಯವರೆಗೆ ಲಕ್ಷ್ಮಿಯ ಪುಟ್ಟ ಬಿಳಿ ಹೆಜ್ಜೆಗಳನ್ನು ಬರೆದಿದ್ದಳು. ದೀಪ ಹಚ್ಚುವ ಹೊತ್ತಿಗೆ ಆ ಬಿಳಿ ಹೆಜ್ಜೆಗಳ ಮೇಲೆ, ಬದಿಯಲ್ಲಿ, ಸೋಫಾದವರೆಗೆ, ಅಡುಗೆಮನೆಯವರೆಗೆ ಅಚ್ಚ ಹಸಿರು ಹೆಜ್ಜೆಗಳು. ಎಲ್ಲಕ್ಕಿಂತ ದೊಡ್ಡವು, ಫ್ರಿಜ್ಜಿನ ಕಡೆ ಹೋಗಿ ವಾಪಸು ಬಂದಿದ್ದವು, ಯಾರವೆಂದು ಯಾರೂ ಕೇಳಲಿಲ್ಲ. ಬಂದವರು ದೊಡ್ಡ ಮನಸ್ಸಿನವರು, "ಹಸಿರು ಶುಭವೇ ಬಿಡಿ," ಎಂದು ಸೀರೆಯಂಚು ಹಿಂಡಿಕೊಂಡರು. ಹೆಂಡತಿ ಮಾತ್ರ ಏನೂ ಹೇಳದೆ ನೆಲ ಒರೆಸುವ ಬಟ್ಟೆಯನ್ನು ನನ್ನ ಕೈಗಿತ್ತಳು.

ಆಮೇಲೆ ಪವಾಡವೇ ನಡೆಯಿತು. ಲಾನಿನ ಒಂದು ಭಾಗದಲ್ಲಿ ಗಟ್ಟಿ ಹಸಿರಿನ ಹುಲ್ಲು ಭರದಿಂದ ಏಳತೊಡಗಿತು. ನನ್ನ ಮೆಕ್ಸಿಕನ್ ಕೊನೆಗೂ ಮನಸ್ಸು ಮಾಡಿತು! ಅದಕ್ಕೆ ಬೇವಿನ ಹಿಂಡಿ ಹಾಕಿದೆ, ಎರೆಗೊಬ್ಬರ ಹಾಕಿದೆ. ಅದರ ಏಳಿಗೆಗೆ ಅಡ್ಡಿಯಾಗಿ ನಡುನಡುವೆ ಸೊರಗಿಕೊಂಡಿದ್ದ ಸಣ್ಣೆಲೆಯ ಏನನ್ನೋ ಒಂದೊಂದಾಗಿ ಕಿತ್ತು ಹಸಿ ಕಸದ ಆಟೋಗೆ ಹಾಕಿದೆ. ಹೆಮ್ಮೆ ತಡೆಯಲಾರದೆ ನರ್ಸರಿಯವರನ್ನೇ ಕರೆಸಿ ತೋರಿಸಿದೆ. ಅವರು ಒಂದು ಕಡ್ಡಿ ಕಿತ್ತು ಬೆರಳ ನಡುವೆ ಉರುಳಿಸಿದರು.

"ಸಾರ್, ಇದರ ಕಾಂಡ ಮುಟ್ಟಿ ನೋಡಿ. ಮೂರು ಮೂಲೆ ಸಿಗತ್ತಾ? ಇದು ಜೇಕು. ಕಳೆ."

"ಮತ್ತೆ ಮೆಕ್ಸಿಕನ್?"

"ಸಣ್ಣೆಲೇದು, ನಡುನಡುವೆ ಇರಬೇಕಿತ್ತಲ್ಲ ಸಾರ್. ಎಲ್ಲಿ ಹೋಯ್ತು?"

ಆಟೋ ಹೋದ ದಿಕ್ಕಿನ ಕಡೆ ನೋಡಿದೆ. ಜೇಕಿನ ಗಡ್ಡೆಗಳು ನೆಲದೊಳಗೆ ಒಂದಕ್ಕೊಂದು ಸರಪಳಿ ಬೆಸೆದುಕೊಂಡಿರುತ್ತವೆ, ಮೇಲಿನದು ಕಿತ್ತರೆ ಕೆಳಗೆ ಮಲಗಿದ್ದವು ಎದ್ದು ಕೂರುತ್ತವೆ ಎಂದು ವಿವರಿಸಿ, ಅವರು ಇನ್ನೊಂದು ಮೂಲೆಗೆ ಹೋದರು. ಅಲ್ಲಿ ನೆಲಕ್ಕೆ ಒರಗಿ ಹಬ್ಬಿದ್ದ ಹುಲ್ಲನ್ನು ನೋಡಿ ಮೊದಲ ಬಾರಿ ಅವರ ಮುಖ ಅರಳಿತು. "ಇದು ಗರಿಕೆ ಸಾರ್. ತಾನಾಗಿ ಬಂದಿದೆ. ಬರ್ಮುಡಾ ಅಂತ ನಾವು ಮಾರೋದೂ ಇದೇ ಜಾತಿ. ಅಂದಹಾಗೆ ಲಾನ್ ನೋಡ್ಕೊಳ್ತಿರೋದು ಯಾರು?"

"ನಾನೇ," ಎಂದೆ ಎದೆಯುಬ್ಬಿಸಿ.

"ಸ್ವಲ್ಪ ದಿನ ಬಿಟ್ಬಿಡಿ ಸಾರ್," ಎಂದರು. ಹುಲ್ಲಿಗೆ ಬರುವ ಗೊಣ್ಣೆಹುಳು, ಗೆದ್ದಲು, ಶಿಲೀಂಧ್ರ ಎಲ್ಲಕ್ಕೂ ಅವರ ಬಳಿ ಔಷಧಿಯಿತ್ತು. ಯಜಮಾನನಿಗೆ ಇರಲಿಲ್ಲ.

ಬಿಡುತ್ತೇನೆಯೇ? ದುಡ್ಡು ಕೊಟ್ಟದ್ದು ಮೆಕ್ಸಿಕೋಗೆ, ಗರಿಕೆಗಲ್ಲ. ಪುಕ್ಕಟೆ ಬಂದದ್ದು ಅಂಗಳ ಆಳುವುದೆಂದರೇನು! ಮಂಡಿಯೂರಿ ಕೂತು, ಜೇಕನ್ನೂ ಗರಿಕೆಯನ್ನೂ ಭೇದವೆಣಿಸದೆ ಬುಡಸಮೇತ ಕಿತ್ತು, ಚೀಲ ಚೀಲ ತುಂಬಿ ಆಟೋಗೆ ಸಾಗಿಸಿದೆ. ಕೊನೆಯ ಚೀಲ ಹೋದದ್ದು ಸೆಪ್ಟೆಂಬರ್ 6ರ ಬೆಳಿಗ್ಗೆ, ಗೌರಿ ಹಬ್ಬದ ದಿನ. ಅಂಗೈ ಬೊಬ್ಬೆ ಸವರಿಕೊಳ್ಳುತ್ತ ಒಳಗೆ ಬಂದೆ.

"ರೀ, ನಾಳೆ ಗಣಪತಿಗೆ ಗರಿಕೆ ಬೇಕು," ಎಂದಳು ಹೆಂಡತಿ. "ಅಂಗಡಿಗೆ ಹೋಗೋದು ಬೇಡ, ಅಂಗಳದಲ್ಲೇ ಚೆನ್ನಾಗಿ ಬಂದಿದೆಯಲ್ಲ, ಇಪ್ಪತ್ತೊಂದು ಕುಡಿ ಕಿತ್ಕೊಂಡ್ಬನ್ನಿ."

ಅನಲಾಸುರನನ್ನು ನುಂಗಿದ ಗಣಪತಿಯ ಹೊಟ್ಟೆಯುರಿ ಶಮನವಾದದ್ದು ಇಪ್ಪತ್ತೊಂದು ಗರಿಕೆಯಿಂದ ಎಂದು ಪುರಾಣ. ನನ್ನ ಹೊಟ್ಟೆಯಲ್ಲೂ ಆಗ ಅದೇ ಅಸುರ. ತುಟಿ ಪಿಟಕ್ಕೆನ್ನದೆ ಚೀಲ ಹಿಡಿದು ಹಿತ್ತಿಲ ಬಾಗಿಲಿನಿಂದ ಗಾಂಧಿ ಬಜಾರಿಗೆ ನಡೆದೆ. ಹಬ್ಬದ ಮುನ್ನಾದಿನದ ನೂಕುನುಗ್ಗಲಲ್ಲಿ, ಬೆಳಿಗ್ಗೆಯಷ್ಟೇ ಮೂಟೆ ಕಟ್ಟಿ ಎಸೆದ ವಸ್ತುವಿನ ಒಂದು ಸಣ್ಣ ಕಟ್ಟಿಗೆ ಸಾಲಿನಲ್ಲಿ ನಿಂತೆ. ಚೌಕಾಸಿ ಮಾಡಲು ನಾಲಿಗೆ ಏಳಲಿಲ್ಲ. ಮಾರುತ್ತಿದ್ದ ಅಮ್ಮ, "ತಗೊಳ್ಳಿ ಸಾಮಿ, ಒಳ್ಳೆ ಗರಿಕೆ, ತಾನಾಗಿ ಬೆಳೆದಿದ್ದು," ಎಂದಾಗ ಕೇಳಿದ್ದಕ್ಕಿಂತ ಹತ್ತು ರೂಪಾಯಿ ಹೆಚ್ಚೇ ಕೊಟ್ಟೆ.

ಪೂಜೆಯಾಯಿತು, ವಿಸರ್ಜನೆಯಾಯಿತು. ನಿರ್ಮಾಲ್ಯವನ್ನು ತುಳಿಯದ ಜಾಗಕ್ಕೆ ಹಾಕಬೇಕೆಂದು ಅಮ್ಮ ಅದನ್ನು ಫಲಕದ ಬುಡಕ್ಕೆ ಹಾಕಿದರು. ಗರಿಕೆಯ ಒಂದೊಂದು ಗಿಣ್ಣೂ ಬೇರು ಬಿಡಬಲ್ಲದು. ಅಕ್ಟೋಬರ್ ಮಳೆಗೆ ಅದು ಎದ್ದು, ಹರಿದು, ಬಿಳಿ ಪೊರೆ ದಾಟಿ, ಕಂದು ವೃತ್ತ ದಾಟಿ, ನನ್ನ ಹೊಟ್ಟೆಯ ಹಳ್ಳಕ್ಕಿಳಿದು ಮೇಲೆ ಹತ್ತಿತು. ದೀಪಾವಳಿಗೆ ಅಂಗಳ ತುಂಬ ಹಸಿರು. ನಾನು ಗೊಬ್ಬರದ ಚೀಲದ ಕಡೆ ಕಣ್ಣು ಹಾಯಿಸುವುದನ್ನು ಕಂಡು ಮನೆಯವರೆಲ್ಲ ಸೇರಿ ತುರ್ತು ಸಭೆ ನಡೆಸಿ, ಗೇಟಿನಿಂದ ಬಾಗಿಲವರೆಗಿನ ಸಕಲ ಸಸ್ಯಸಂಪತ್ತಿನಿಂದ ನನ್ನನ್ನು ಕಾಯಂ ಆಗಿ ಮುಕ್ತಗೊಳಿಸಿದರು.

ಆದರೂ ನಿವೃತ್ತನಿಗೆ ಏನಾದರೂ ಕೆಲಸ ಬೇಡವೇ ಎಂದು ಕರುಣೆಯಿಂದ ವರಾಂಡದ ಪ್ಲಾಸ್ಟಿಕ್ ಗಿಡದ ಉಸ್ತುವಾರಿ ಕೊಟ್ಟಿದ್ದಾರೆ. ನೀರು ಬೇಡ, ಗೊಬ್ಬರ ಬೇಡ, ವಾರಕ್ಕೊಮ್ಮೆ ಧೂಳು ಒರೆಸಿದರೆ ಸಾಕು. ಶ್ರದ್ಧೆಯಿಂದ ಒರೆಸುತ್ತಿದ್ದೇನೆ. ಮೊನ್ನೆ ಅದರದ್ದೂ ಎರಡು ಎಲೆ ಉದುರಿದವು.